ಮನೆಗೂ ಬೇಕು ಚಿಕಿತ್ಸೆ

ಆಷಾಢದ ಮಳೆ ಹಿಡಿಯಿತೆಂದರೆ ಭದ್ರಾವತಿಯ ನ್ಯೂ ಟೌನ್‌ನಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಕೆಮ್ಮು, ಉಬ್ಬಸ, ಕೀಲುನೋವು ಅವರ ಸಾಮಾನ್ಯ ದೂರುಗಳು. ಅವರಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ನಾಲ್ಕು ವರ್ಷ ಕಷಾಯ, ಲೇಹ್ಯಗಳನ್ನು ಕೊಟ್ಟೆವು. ಮಳೆಗಾಲ ಬಂದೊಡನೆ ರೋಗ ಮರುಕಳಿಸುತ್ತಿತ್ತು. “ಬೇಸಿಗೇಲಿ ಒಂದು ಮಾತ್ರೆಯೂ ಬೇಡ ಡಾಕ್ಟ್ರೇ, ಮಳೆ ಶುರುವಾದ್ರೆ ರಾತ್ರಿ ಉಸಿರೇ ಸಿಗಲ್ಲ” ಎಂದರು ಒಮ್ಮೆ. ಆ ಮಾತು ನಮ್ಮನ್ನು ಅವರ ಮನೆಗೆ ಕರೆದೊಯ್ದಿತು. ಮಂಚದ ತಲೆದೆಸೆಯ ಗೋಡೆ ಮೂರಡಿ ಎತ್ತರದವರೆಗೆ ಒದ್ದೆಯಾಗಿತ್ತು. ಬೀರುವಿನ ಹಿಂದೆ ಕಪ್ಪು ಬೂಷ್ಟು ಬೆಳೆದಿತ್ತು. ಸೊಳ್ಳೆಯ ಭಯದಿಂದ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು. ನಾವು ದೇಹಕ್ಕೆ ಮದ್ದು ಕೊಟ್ಟು, ರೋಗದ ಕಾರಣವನ್ನು ಹಾಗೆಯೇ ಬಿಟ್ಟಿದ್ದೆವು.

ಕಾರಣವನ್ನು ತೊರೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಆಯುರ್ವೇದ ಇದನ್ನು ನಿದಾನ ಪರಿವರ್ಜನ ಎನ್ನುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯವು ರೋಗಿಯ ಮನೆ ಹೇಗಿರಬೇಕೆಂದು ವಿವರಿಸುತ್ತದೆ. ಅದು ಗಟ್ಟಿಯಾಗಿರಬೇಕು, ಬಿರುಗಾಳಿ ನೇರವಾಗಿ ಬಡಿಯಬಾರದು, ಆದರೆ ಒಂದು ಕಡೆಯಿಂದ ಗಾಳಿ ಆಡುತ್ತಿರಬೇಕು, ಹೊಗೆ, ನೀರು, ಧೂಳು ಒಳಬರಬಾರದು. ವಿಶ್ವ ಆರೋಗ್ಯ ಸಂಸ್ಥೆಯೂ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗೆಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿ, ಅವುಗಳಿಗೂ ಉಬ್ಬಸಕ್ಕೂ ಇರುವ ನಂಟನ್ನು ತೋರಿಸಿತು.

ನಮ್ಮೂರಿಗೆ ಈ ವಿಚಾರ ಹೊಸದಲ್ಲ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಬಳಿಕ ಊರು ಬೆಳೆಯಿತು. 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಭದ್ರಾವತಿಯ ಬೆಳವಣಿಗೆಗೂ ನಗರಯೋಜನೆಯನ್ನು ರೂಪಿಸಿದ್ದರು. ಉಷ್ಣ ದೇಶಗಳ ಮನೆ ಗಾಳಿ, ನೆರಳು, ಮಳೆಗೆ ತಕ್ಕಂತೆ ಇರಬೇಕೆಂಬುದು ಅವರ ಜೀವಮಾನದ ಅಧ್ಯಯನವಾಗಿತ್ತು. ನ್ಯೂ ಟೌನ್‌ನ ಹಳೆಯ ಹೆಂಚಿನ ಕ್ವಾರ್ಟರ್ಸ್‌ಗಳಲ್ಲಿ ಇಂದಿಗೂ ಆ ಗುಣ ಕಾಣುತ್ತದೆ: ಎತ್ತರದ ಮಾಡು, ಎದುರುಬದುರು ಕಿಟಕಿ, ಸುತ್ತ ಮರ. ಕೆಡಿಸಿದವರು ನಾವೇ. ಆದ್ದರಿಂದ ಕೆಡವಿ ಕಟ್ಟುವ ಮಾತಿಗಿಂತ ಮೊದಲು ಇರುವುದನ್ನು ಸರಿಪಡಿಸುವ ಯೋಚನೆ ಮಾಡೋಣ. ಹಾಗೆ ಮಾಡಿದರೆ ಹೊಸ ಇಟ್ಟಿಗೆ, ಸಿಮೆಂಟು, ಮರಗಳೂ ಉಳಿಯುತ್ತವೆ.

ಮೊದಲು ನೀರು

ಒದ್ದೆ ಗೋಡೆಗೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಪಟ್ಟಿ ಕಟ್ಟಿ ಕೀವನ್ನು ಒಳಗೆ ಬಿಟ್ಟಂತೆ. ಒಡೆದ ಹೆಂಚು ಬದಲಿಸಬೇಕು, ಸೂರಿನ ನೀರು ಗೋಡೆಬುಡಕ್ಕೆ ಬೀಳದಂತೆ ದೋಣಿ ಕಟ್ಟಬೇಕು. ಅಂಗಳಕ್ಕೆ ಮೇಲಿಂದ ಮೇಲೆ ಕಾಂಕ್ರೀಟು ಹಾಕಿ ಒಳನೆಲಕ್ಕಿಂತ ಎತ್ತರವಾಗಿದ್ದರೆ ಅದನ್ನು ತಗ್ಗಿಸಿ, ಇಳಿಜಾರನ್ನು ಹೊರಕ್ಕೆ ಕೊಡಬೇಕು. ಸುಣ್ಣದ ಗಾರೆಯ ಹಳೆಯ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಗಿಲಾವು ಮಾಡಿದರೆ ತೇವ ಒಳಗೇ ಸಿಲುಕಿ ಇನ್ನೂ ಮೇಲೇರುತ್ತದೆ. ನಮ್ಮ ಚಿಕಿತ್ಸಾಲಯದಲ್ಲೇ ನಾವು ಈ ತಪ್ಪು ಮಾಡಿ, ಎರಡೇ ಮಳೆಗಾಲದಲ್ಲಿ ಗಿಲಾವು ಉಬ್ಬಿ ಉದುರುವುದನ್ನು ಕಂಡೆವು. ಅದನ್ನು ಕೆತ್ತಿ, ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣದ ಗಾರೆ ಹಚ್ಚಿದ ಮೇಲೆ ಗೋಡೆ ಒಣಗಿತು. ದೋಣಿಯ ನೀರನ್ನು ತೊಟ್ಟಿಗೆ ತಿರುಗಿಸಿದರೆ ಲಾಭ ಎರಡು: 50 ಚದರ ಮೀಟರ್ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 500 ಲೀಟರ್ ನೀರು.

ಬಳಿಕ ಗಾಳಿ, ಬೆಳಕು

ಪ್ಲಾಸ್ಟಿಕ್ ತೆಗೆದು ಸೊಳ್ಳೆಜಾಲರಿ ಹಾಕಿರಿ. ಮಳೆ ನಿಂತ ಹೊತ್ತಿನಲ್ಲಿ ಎದುರುಬದುರು ಕಿಟಕಿಗಳನ್ನು ತೆರೆದಿಡಿರಿ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರವಿಡಿರಿ. ಕತ್ತಲೆಯ ಕೋಣೆಗೆ ಎರಡು ಗಾಜಿನ ಹೆಂಚು ಸಾಕು, ಹಗಲು ದೀಪ ಬೇಡ. ಬೇವು, ಗುಗ್ಗುಳದ ಧೂಪ ಬೂಷ್ಟನ್ನು ಹೋಗಲಾಡಿಸುವುದೇ ಎಂದು ಹಲವರು ಕೇಳುತ್ತಾರೆ. ಒದ್ದೆ ಗೋಡೆಗೆ ಧೂಪ ಮದ್ದಲ್ಲ. ಉಬ್ಬಸದವರಿಗಂತೂ ಆ ಹೊಗೆಯೇ ತೊಂದರೆ.

ಕಲ್ನಾರು ಶೀಟಿನ ಎಚ್ಚರ

ಹಿತ್ತಿಲ ಕಡೆಗೆ ಕಲ್ನಾರು ಶೀಟು ಹೊದಿಸಿದ ಮನೆಗಳುಂಟು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಕೊರೆಯಬಾರದು, ಉಜ್ಜಬಾರದು, ಒಡೆಯಬಾರದು. ತೆಗೆಯಲೇಬೇಕಾದಾಗ ನೀರು ಚಿಮುಕಿಸಿ, ಅನುಭವಿಗಳಿಂದ ಇಡಿಯಾಗಿ ಇಳಿಸಿ, ಹೆಂಚು ಹಾಕಿಸುವುದು ಒಳಿತು.

“ಮನೆ ನಮ್ಮದಲ್ಲ, ಲೀಸಿನದು. ನಾಳೆ ಏನೋ ಎಂತೋ” ಎಂದು ಆ ಹಿರಿಯರು ಮೊದಲು ಹಿಂಜರಿದರು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಬಂದಂದಿನಿಂದ ಅನೇಕರ ಅಳಲು ಇದೇ. ಅದನ್ನು ನಾವು ಅಲ್ಲಗಳೆಯಲಾರೆವು. ಗೋಡೆ, ಮಾಡಿನ ಕೆಲಸಕ್ಕೆ ಮಾಲೀಕರ ಅನುಮತಿ ಬೇಕು. ಆದರೆ ಕಿಟಕಿ ತೆರೆಯಲು, ಮಂಚ ಸರಿಸಲು, ಗೋಡೆಬುಡದ ನೀರು ಹರಿಸಲು ಯಾರ ಅಪ್ಪಣೆಯೂ ಬೇಡ. ಅವರು ಅಷ್ಟೇ ಮಾಡಿದರು. ದೋಣಿಯನ್ನು ಮಗ ಕಟ್ಟಿಸಿದ. ಕಳೆದ ಆಷಾಢದಲ್ಲಿ ಅವರು ಬಂದದ್ದು ಒಮ್ಮೆ ಮಾತ್ರ. ಉಬ್ಬಸ ಪೂರ್ತಿ ಹೋಗಿಲ್ಲ, ಔಷಧವನ್ನೂ ಬಿಟ್ಟಿಲ್ಲ. ಆದರೆ ರಾತ್ರಿ ಮಲಗಿ ನಿದ್ರಿಸುತ್ತಾರೆ.

ಈ ಬಾರಿ ಮಳೆ ಹಿಡಿಯುವ ಮುನ್ನ ಓದುಗರು ತಾವು ಮಲಗುವ ಕೋಣೆಯ ಗೋಡೆಯನ್ನೊಮ್ಮೆ ಕೈಯಿಂದ ಮುಟ್ಟಿ ನೋಡಲಿ. ಅದು ತಣ್ಣಗೆ ಒದ್ದೆಯಾಗಿದ್ದರೆ ಚಿಕಿತ್ಸೆ ಅಲ್ಲಿಂದಲೇ ಆರಂಭವಾಗಲಿ.