ಈಗ ಏನು ಓದ್ತಾ ಇದೀರಿ?

ಪಕ್ಕದ ಮನೆಯವರು ಸಿಕ್ಕರೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು ಹೇಳಿ? 'ಇವತ್ತು ಏನು ಅಡುಗೆ?' ಅಂತ ತಾನೇ! ಜೊತೆಗೆ 'ಈಗ ಯಾವ ಪುಸ್ತಕ ಓದ್ತಾ ಇದೀರಿ?' ಅಂತಲೂ ಒಮ್ಮೆ ಕೇಳಿ ನೋಡಿ. 'ಅಯ್ಯೋ, ಪುರುಸೊತ್ತೆಲ್ಲಿದೆ ರೀ!' ಅಂತಾರೆ. ಅಷ್ಟಕ್ಕೇ ಬಿಡಬೇಡಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ಚೀಟಿಗೆಂದು ಏಳೆಂಟು ಮಂದಿ ಸೇರುತ್ತೇವೆ. ಚೀಟಿ ಎತ್ತಿ, ಕಾಫಿ ಕುಡಿದ ಮೇಲೆ ಸೀರಿಯಲ್ ಕಥೆ, ಕೆಲಸದವರು ಬಾರದ ಕಥೆ ಅಷ್ಟೇ ಇರುತ್ತಿತ್ತು. ಒಂದು ಸಲ, ಎಲ್ಲರೂ ಸದ್ಯ ಓದುತ್ತಿರುವುದನ್ನು ತರೋಣ ಅಂದುಕೊಂಡೆವು. ಮುಗಿಸಿರಬೇಕೆಂದೇನಿಲ್ಲ, ಹತ್ತನೇ ಪುಟದಲ್ಲಿದ್ದರೂ ಸರಿ. ಒಬ್ಬರು ಬಾನು ಮುಷ್ತಾಕ್ ಅವರ ಕಥೆಗಳನ್ನು ತಂದರು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಕೊಂಡದ್ದಂತೆ, ಓದಿದ್ದು ಎರಡೇ ಕಥೆ! ಇನ್ನೊಬ್ಬರು ತಂದದ್ದು ಮಗಳ ಏಳನೇ ಕ್ಲಾಸಿನ ಕನ್ನಡ ಪಠ್ಯ. ನಾವೆಲ್ಲ ನಕ್ಕುಬಿಟ್ಟೆವು. ನಗಬಾರದಿತ್ತು. ಮುಂದಿನ ತಿಂಗಳು ಆಕೆ ಬರಲೇ ಇಲ್ಲ, ನಾನೇ ಹೋಗಿ ಕರೆದು ತರಬೇಕಾಯಿತು.

ಎಪ್ಪತ್ತು ದಾಟಿದ ನಮ್ಮ ಹಿರಿಯರ ಕೈಯಲ್ಲಿ ತ್ರಿವೇಣಿಯವರ 'ಶರಪಂಜರ' ಇತ್ತು. ಅದೇ, 1971ರಲ್ಲಿ ಪುಟ್ಟಣ್ಣ ಕಣಗಾಲರು ಕಲ್ಪನಾ ಅವರನ್ನಿಟ್ಟು ಸಿನಿಮಾ ಮಾಡಿದ ಕಾದಂಬರಿ. 'ಬಾಣಂತನದಲ್ಲಿ ಕಾವೇರಿಗೆ ಮನಸ್ಸು ಕೆಡುತ್ತೆ. ವಾಸಿಯಾಗಿ ಬಂದ್ರೂ ಎಲ್ಲರೂ ಹುಚ್ಚಿ ಅಂತಲೇ ನೋಡ್ತಾರಲ್ಲಮ್ಮ, ಅದೇ ಸಂಕಟ' ಅಂದರು.

ಮೂಲೆಯಲ್ಲಿ ಮೂರು ತಿಂಗಳ ಮಗುವನ್ನೆತ್ತಿಕೊಂಡು ಕೂತಿದ್ದ ಹುಡುಗಿ, 'ಆಂಟಿ, ಅದನ್ನ ನಂಗೆ ಕೊಡ್ತೀರಾ?' ಅಂದಳು. ನಾಲ್ಕು ದಿನದ ನಂತರ ಪುಸ್ತಕ ಹಿಡಿದು ಅವರ ಬಾಗಿಲಿಗೆ ಬಂದು ಅತ್ತುಬಿಟ್ಟಳಂತೆ. ಮಗು ಮಲಗಿದರೂ ಇವಳಿಗೆ ನಿದ್ದೆ ಬಾರದು, ಕಾರಣವಿಲ್ಲದೆ ಅಳು. ಹುಚ್ಚಿ ಅಂದಾರೆಂದು ಹೆತ್ತ ತಾಯಿಗೂ ಹೇಳಿರಲಿಲ್ಲ. ಮಾರನೇ ದಿನವೇ ಅವರು ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿದರು. ಈಗ ಹುಡುಗಿ ಗೆಲುವಾಗಿದ್ದಾಳೆ.

ಪುಸ್ತಕ ಔಷಧಿಯಲ್ಲ ರೀ, ತಪ್ಪು ತಿಳಿಯಬೇಡಿ. ಹೆರಿಗೆಯ ನಂತರ ಅಳು, ಬೇಸರ ಎರಡು ವಾರ ದಾಟಿದರೆ ಡಾಕ್ಟರ ಬಳಿ ಹೋಗಲೇಬೇಕು. ತನಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರಂತೂ ಅದೇ ದಿನ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನೀವೂ ಶುರು ಮಾಡುವುದಾದರೆ ಕೊನೆ ಏನಾಗುತ್ತದೆಂದು ಮಾತ್ರ ಬಾಯಿಬಿಡಬೇಡಿ. ಯಾರು ಏನೇ ತಂದರೂ, ಅಡುಗೆ ಪುಸ್ತಕವಾದರೂ, ಮೂಗು ಮುರಿಯಬೇಡಿ. ಕೊಟ್ಟ ಪುಸ್ತಕ ವಾಪಸ್ ಬರಲ್ಲ ಅನ್ನುವ ಭಯವೇ? (ನನ್ನದು ಎರಡು ಹೋಗಿವೆ!) ಚೀಟಿ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೇ ಪುಸ್ತಕದ ಹೆಸರು, ಮನೆ ನಂಬರ್, ತಾರೀಖು ಬರೆದಿಡಿ. 'ಶರಪಂಜರ' ಸದ್ಯ ಮೂರನೇ ಮಹಡಿಯಲ್ಲಿದೆ.