ಮಾತು ಬಾರದ ರೋಗಿ: ಶಿಶುವೈದ್ಯದ ಪದಗಳನ್ನು ಕುರಿತು

ವೈದ್ಯನ ಮುಂದೆ ಕುಳಿತ ರೋಗಿಯು ತನ್ನ ಬೇನೆಯನ್ನು ತಾನೇ ಹೇಳಿಕೊಳ್ಳುವುದು ಲೋಕರೂಢಿ. ನೋವು ಎಲ್ಲಿ, ಜ್ವರ ಎಂದಿನಿಂದ, ಊಟ ಸೇರುವುದೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ರೋಗನಿರ್ಣಯ ಅರ್ಧ ಮುಗಿದಂತೆಯೇ. ಶಿಶುವೈದ್ಯದಲ್ಲಿ ಈ ಅನುಕೂಲವಿಲ್ಲ. ಇಲ್ಲಿ ರೋಗಿಗೆ ಮಾತೇ ಬಾರದು. ಇಂಗ್ಲಿಷಿನಲ್ಲಿ ಎಳೆಗೂಸನ್ನು ‘ಇನ್‌ಫಂಟ್’ ಎನ್ನುವರಷ್ಟೆ. ಲ್ಯಾಟಿನ್ ಮೂಲದ ಆ ಪದಕ್ಕೆ ‘ಮಾತನಾಡದವನು’ ಎಂದೇ ಅರ್ಥ. ಕೂಸಿನ ಪರವಾಗಿ ಮಾತನಾಡುವವಳು ತಾಯಿ, ಇಲ್ಲವೆ ಅಜ್ಜಿ. ಅವಳ ಬಾಯಲ್ಲಿರುವ ಪದ ಒಂದು, ವೈದ್ಯನು ಓದಿ ಬಂದ ಪದ ಮತ್ತೊಂದು. ಈ ಎರಡು ಪದಗಳ ನಡುವಿನ ಅಂತರದಲ್ಲಿ ಎಷ್ಟೋ ವೇಳೆ ಚಿಕಿತ್ಸೆಯ ಹೊತ್ತು ಮೀರಿಹೋಗುತ್ತದೆ.

ನಮ್ಮ ಪ್ರಾಚೀನರು ಈ ಕಷ್ಟವನ್ನು ಅರಿತಿದ್ದರು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ನೇಪಾಳದಲ್ಲಿ ಅಪೂರ್ಣವಾಗಿ ದೊರೆತು 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ಮಾತು ಬಾರದ ಮಗುವಿನ ವೇದನೆಯನ್ನು ಅದರ ಚೇಷ್ಟೆಯಿಂದಲೇ ಊಹಿಸುವ ಬಗೆಗೆ ಒಂದು ಅಧ್ಯಾಯವೇ ಉಂಟು. ಕಿವಿನೋವಾದ ಕೂಸು ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತದೆ, ತಲೆನೋವಾದದ್ದು ತಲೆಯನ್ನು ಹೊರಳಾಡಿಸುತ್ತದೆ ಎಂಬ ಅಲ್ಲಿನ ಲಕ್ಷಣಗಳನ್ನು ಇಂದಿನ ಶಿಶುವೈದ್ಯರೂ ಒಪ್ಪುತ್ತಾರೆ. ಕನ್ನಡದಲ್ಲಿಯೂ ಸುಮಾರು 1200ರಷ್ಟು ಹಿಂದೆಯೇ ದೇವೇಂದ್ರಮುನಿಯು ‘ಬಾಲಗ್ರಹಚಿಕಿತ್ಸೆ’ ಎಂಬ ಗ್ರಂಥವನ್ನು ರಚಿಸಿದನು. ಮಕ್ಕಳ ರೋಗಗಳನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ಈ ಒಂದು ಹೆಸರೇ ಸಾಕಾದ ಉತ್ತರ.

ಆದರೆ ಆ ಗ್ರಂಥದ ಹೆಸರಿನಲ್ಲಿರುವ ಪದವನ್ನೇ ಪರಿಶೀಲಿಸಬೇಕಾಗಿದೆ. ‘ಬಾಲಗ್ರಹ’ ಎಂದರೆ ಮಗುವನ್ನು ಹಿಡಿಯುವ ಗ್ರಹ. ಕೈಕಾಲು ಸೆಟೆದು, ಕಣ್ಣುಗುಡ್ಡೆ ಮೇಲೇರಿ, ಬಾಯಲ್ಲಿ ನೊರೆ ಬಂದಾಗ ಹಳ್ಳಿಗಳಲ್ಲಿ ಈ ಪದವೇ ನಾಲಗೆಗೆ ಬರುತ್ತದೆ. ಆದರೆ ವೈದ್ಯರ ಕಣ್ಣಿಗೆ ಇದು ಒಂದು ರೋಗವಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಜ್ವರ ಏರಿದಾಗ ಬರುವ ಸೆಳವು ಒಂದು ಬಗೆ. ನೋಡಲು ಭಯಂಕರವಾದರೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಂತು, ಮಗುವಿಗೆ ಶಾಶ್ವತ ಹಾನಿಯನ್ನು ಮಾಡದು. ಮೂರ್ಛೆರೋಗ ಎರಡನೆಯದು, ಇದಕ್ಕೆ ವರ್ಷಗಟ್ಟಲೆ ಔಷಧ ಬೇಕು. ಮೂರನೆಯದು ಮಿದುಳಿನ ಪೊರೆಯ ಉರಿಯೂತ. ಇಲ್ಲಿ ಒಂದು ರಾತ್ರಿ ತಡೆದರೂ ಅಪಾಯ. ಮೂರಕ್ಕೂ ಒಂದೇ ಹೆಸರಿಟ್ಟಾಗ ಮೂರಕ್ಕೂ ಒಂದೇ ಉಪಚಾರ ನಡೆಯುತ್ತದೆ: ಕೈಗೆ ಕಬ್ಬಿಣ ಕೊಡುವುದು, ಯಂತ್ರ ಕಟ್ಟಿಸುವುದು, ಕೆಲವೆಡೆ ಬರೆ ಎಳೆಯುವುದು. ಬರೆಯಿಂದ ಸೆಳವು ನಿಂತಿತೆಂದು ಜನ ನಂಬಲು ಕಾರಣವೂ ಇದೇ: ಮೊದಲನೆಯ ಬಗೆಯ ಸೆಳವು ಬರೆಯಿಲ್ಲದೆಯೂ ನಿಲ್ಲುತ್ತಿತ್ತು.

ಹಾಗೆಂದು ಜನರ ಪದಗಳೆಲ್ಲ ಅಜ್ಞಾನದ ಫಲವೆಂದು ತಳ್ಳಿಹಾಕುವುದು ಸಲ್ಲದು. ‘ಧನುರ್ವಾಯು’ ಎಂಬ ಹೆಸರನ್ನೇ ನೋಡಬಹುದು. ಬೆನ್ನು ಬಿಲ್ಲಿನಂತೆ ಬಾಗುವ ಲಕ್ಷಣವನ್ನು ಆ ಪದ ಚಿತ್ರವತ್ತಾಗಿ ಕಾಣಿಸುತ್ತದೆ. ಹೊಕ್ಕುಳಬಳ್ಳಿಯನ್ನು ಶುಚಿಯಲ್ಲದ ಕತ್ತಿಯಿಂದ ಕೊಯ್ದಾಗ ಬರುತ್ತಿದ್ದ ಈ ರೋಗ ಒಂದು ಕಾಲಕ್ಕೆ ಅಸಂಖ್ಯ ಹಸುಗೂಸುಗಳನ್ನು ಬಲಿ ತೆಗೆದುಕೊಂಡಿತು. ಹುಟ್ಟಿದ ಒಂದೆರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ವಾರದೊಳಗೆ ಹಾಲು ಹೀರಲಾರದೆ ಹೋಗುವುದೇ ಇದರ ಮೊದಲ ಚಿಹ್ನೆ. ಬಿಲ್ಲಿನ ಬಾಗು ಆಮೇಲಿನದು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ, ಇವೆರಡರ ಫಲವಾಗಿ ನವಜಾತ ಶಿಶುಗಳ ಧನುರ್ವಾಯುವು ಭಾರತದಲ್ಲಿ ನಿರ್ಮೂಲನದ ಮಟ್ಟಕ್ಕೆ ಇಳಿದುದನ್ನು 2015ರಲ್ಲಿ ದೃಢಪಡಿಸಲಾಯಿತು. ‘ಗಂಟಲುಮಾರಿ’ಯೂ ಅಷ್ಟೇ ಸಮರ್ಥವಾದ ಪದ, ಡಿಫ್ತೀರಿಯ ಎಂಬುದು ಹುಟ್ಟಿಸದ ಭಯವನ್ನು ಅದು ಹುಟ್ಟಿಸುತ್ತದೆ. ‘ನಾಯಿಕೆಮ್ಮು’ ಮಾತ್ರ ಅರ್ಧ ಸತ್ಯ. ದೊಡ್ಡ ಮಕ್ಕಳಲ್ಲಿ ಕೆಮ್ಮಿನ ಸದ್ದೇ ರೋಗವನ್ನು ಹೇಳುತ್ತದೆ. ಕೆಲವೇ ತಿಂಗಳಿನ ಕೂಸಿನಲ್ಲಿ ಆ ಸದ್ದು ಇಲ್ಲದೆಯೂ ಇರಬಹುದು, ಉಸಿರೇ ತಟಕ್ಕನೆ ನಿಂತು ಮುಖ ನೀಲಿಗಟ್ಟಬಹುದು. ಸದ್ದಿಲ್ಲವೆಂದು ಸುಮ್ಮನಿದ್ದ ಮನೆಯವರು ಹೆಸರಿನಿಂದಲೇ ಮೋಸಹೋದಂತಾಯಿತು.

‘ಅಮ್ಮ’ ಎಂಬ ಪದದ ಕಥೆ ಇನ್ನೂ ವಿಚಿತ್ರ. ಸಿಡುಬಿಗೆ ದೇವಿಯ ಹೆಸರಿಟ್ಟು ಜನ ಅಂಜಿ ನಡೆದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ರೋಗ ಹೋಯಿತು, ಹೆಸರು ಉಳಿದು ಸೀತಾಳೆಗೂ ದಡಾರಕ್ಕೂ ಅಂಟಿಕೊಂಡಿತು. ಶಾಲೆಗೆ ಬರುವ ರಜಾ ಅರ್ಜಿಯಲ್ಲಿ ‘ಮಗುವಿಗೆ ಅಮ್ಮ ಆಗಿದೆ’ ಎಂದಿದ್ದರೆ ಎರಡರಲ್ಲಿ ಯಾವುದೆಂದು ಉಪಾಧ್ಯಾಯರು ವಿಚಾರಿಸುವುದು ಮೇಲು. ಸೀತಾಳೆಯಲ್ಲಿ ನೀರುಗುಳ್ಳೆಗಳು ತಂಡತಂಡವಾಗಿ ಏಳುತ್ತವೆ. ಆರೋಗ್ಯವಂತ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಸೌಮ್ಯ. ದಡಾರದಲ್ಲಿ ಮೂರು ನಾಲ್ಕು ದಿನ ಜ್ವರ, ಕೆಮ್ಮು, ಮೂಗುಸೋರಿಕೆ, ಕೆಂಗಣ್ಣು ಕಾಣಿಸಿ, ಆಮೇಲೆ ಕಿವಿಯ ಹಿಂದಿನಿಂದಲೂ ಮುಖದಿಂದಲೂ ಕೆಂಪುದದ್ದು ಮೈಗಿಳಿಯುತ್ತದೆ. ಬಡ ಕೂಸುಗಳಲ್ಲಿ ಇದರ ಬೆನ್ನಿಗೇ ನ್ಯುಮೋನಿಯ ಬರುವುದುಂಟು, ಕಣ್ಣು ಹೋಗುವುದೂ ಉಂಟು. ಆದ್ದರಿಂದಲೇ ದಡಾರವಾದ ಮಗುವಿಗೆ ಎರಡು ದಿನ ಎ ಜೀವಸತ್ವವನ್ನು ಕೊಡಿಸುತ್ತಾರೆ. ‘ಅಮ್ಮ’ನಿಗೆ ಔಷಧ ಕೊಡಬಾರದೆಂಬ ಮನೆಯಲ್ಲಿ ಆ ಎರಡು ದಿನಗಳೂ ಬೇವಿನಸೊಪ್ಪಿನ ಮೇಲೆಯೇ ಕಳೆದುಹೋಗುತ್ತವೆ.

ಇನ್ನು ಪಂಡಿತರ ಪದಗಳು. ವೈದ್ಯವನ್ನು ಕನ್ನಡಕ್ಕೆ ತರಲು ಡಾ. ಡಿ. ಎಸ್. ಶಿವಪ್ಪನವರಂಥವರು ಪಟ್ಟ ಶ್ರಮ ದೊಡ್ಡದು; ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಅನೇಕ ಮನೆಗಳಿಗೆ ತಲುಪಿತು. ಆದರೂ ಭಿತ್ತಿಪತ್ರಗಳಲ್ಲಿ ‘ನಿರ್ಜಲೀಕರಣ’ ಎಂಬ ಪದವನ್ನು ಕಂಡು ದಾಟಿಹೋಗುವ ತಾಯಂದಿರೇ ಹೆಚ್ಚು. ಗಹನವಾದ ಅನುಭಾವವನ್ನೇ ಶರಣರು ಆಡುಗನ್ನಡದಲ್ಲಿ ಹೇಳಿದ ನಾಡಿನಲ್ಲಿ, ಭೇದಿಯಾದ ಕೂಸಿನ ಮೈಯ ನೀರು ಬತ್ತುತ್ತದೆ ಎನ್ನಲು ಇಷ್ಟು ಭಾರವಾದ ಪದ ಬೇಕಾಯಿತೆಂಬುದು ಸೋಜಿಗವೇ. ಅದೇ ತಾಯಿಗೆ ‘ನೆತ್ತಿ’ ಎಂಬ ಪದ ಗೊತ್ತು. ದಿನವೂ ಎಣ್ಣೆಯೊತ್ತುವ ಆ ಮೃದುಸ್ಥಳಕ್ಕೆ ಇಂಗ್ಲಿಷಿನಲ್ಲಿ ‘ಫಾಂಟನೆಲ್’, ಎಂದರೆ ಸಣ್ಣ ಬುಗ್ಗೆ, ಎಂಬ ಹೆಸರಿದೆ. ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಮುಚ್ಚುವ ಈ ನೆತ್ತಿ ಭೇದಿಯಲ್ಲಿ ಕುಳಿಬಿದ್ದರೆ ನೀರು ಬತ್ತಿದೆಯೆಂದು ತಿಳಿಯಬೇಕು. ಜ್ವರದಲ್ಲಿ ಉಬ್ಬಿ ನಿಂತರೆ ಮಿದುಳಿಗೆ ಆಪತ್ತೆಂದು ಶಂಕಿಸಬೇಕು. ಕುಳಿಬಿದ್ದ ನೆತ್ತಿಯನ್ನೇ ರೋಗವೆಂದು ಬಗೆದು ಅದರ ಮೇಲೆ ಎಣ್ಣೆ ಹಾಕಿದರೆ ಪ್ರಯೋಜನವಿಲ್ಲ. ಬೇಕಾದದ್ದು ಬಾಯಿಗೆ ನೀರು. ನೀರು ಕೊಟ್ಟರೆ ಭೇದಿ ಹೆಚ್ಚೀತೆಂಬ ಭಯದಿಂದ ಅದನ್ನೇ ನಿಲ್ಲಿಸುವ ಮನೆಗಳು ಈಗಲೂ ಇವೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ದ್ರಾವಣ ತೀರಿದಾಗ, ಡಾ. ದಿಲೀಪ್ ಮಹಲನಬೀಸರು ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕರೊಳಗೆ ಇಳಿಯಿತು. ಇಂದಿನ ಓ. ಆರ್. ಎಸ್. ಪೊಟ್ಟಣ ಇದೇ ವಂಶದ್ದು. ಪೊಟ್ಟಣ ದೊರೆಯದಾಗ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು, ಎದೆಹಾಲನ್ನಂತೂ ನಿಲ್ಲಿಸಕೂಡದು.

ತಾಯಿಯ ಪದವೇ ವೈದ್ಯಕೋಶಕ್ಕೆ ಏರಿದ ಉದಾಹರಣೆಯೂ ಉಂಟು. ಇಂದು ಘಾನಾ ಎನಿಸಿಕೊಂಡಿರುವ ಗೋಲ್ಡ್ ಕೋಸ್ಟ್‌ನಲ್ಲಿ ದುಡಿಯುತ್ತಿದ್ದ ಡಾ. ಸಿಸಿಲಿ ವಿಲಿಯಮ್ಸ್ ಎಂಬಾಕೆ ಕಾಲು ಊದಿ, ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳನ್ನು ಕಂಡು 1933ರಲ್ಲಿ ಆ ರೋಗವನ್ನು ವರ್ಣಿಸಿದರು. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ತಾಯಂದಿರ ಪದವನ್ನೇ ಬಳಸಿದರು: ‘ಕ್ವಾಷಿಯೊರ್ಕರ್’. ಮುಂದಿನ ಕೂಸು ಹುಟ್ಟಿದಾಗ ತಾಯಿಯ ಮಡಿಲಿನಿಂದ ಇಳಿಸಲ್ಪಟ್ಟ ಮಗುವಿಗೆ ಬರುವ ಬೇನೆ ಎಂಬುದು ಅದರ ಭಾವ. ಎದೆಹಾಲು ತಪ್ಪಿ, ಬರಿಯ ಜೋಳದ ಗಂಜಿಗೆ ಬಿದ್ದ ಮಗುವಿನ ಇಡೀ ಚರಿತ್ರೆ ಆ ಒಂದು ಪದದಲ್ಲಿತ್ತು. ರೋಗದ ಕಾರಣದತ್ತ ಆ ಹೆಂಗಸರು ಆಗಲೇ ಬೆರಳು ತೋರಿದ್ದರು. ಕೇಳಿಸಿಕೊಳ್ಳುವ ಕಿವಿಯೊಂದು ಬೇಕಾಗಿತ್ತು.

ಅದೇ ಬೇನೆ ನಮ್ಮಲ್ಲಿ ಬೇರೊಂದು ಮಾತಿನ ಮರೆಯಲ್ಲಿ ಅಡಗುತ್ತದೆ. ಕೆನ್ನೆ ಉಬ್ಬಿ, ಕಾಲು ದಪ್ಪವಾದ ಕೂಸನ್ನು ಕಂಡು ‘ಮೈ ತುಂಬಿಕೊಂಡಿದೆ’ ಎಂದು ಮನೆಯವರು ಹಿಗ್ಗುವರು. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ತೆಗೆಯುವ ಪಟ್ಟಿಯಿದೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಊದಿದ ಮಗುವಿನಲ್ಲಿ ಪಟ್ಟಿಯೊಂದನ್ನೇ ನಂಬುವಂತಿಲ್ಲ. ಎರಡು ಪಾದಗಳ ಮೇಲೂ ಹೆಬ್ಬೆರಳನ್ನು ಕೆಲವು ಕ್ಷಣ ಒತ್ತಿ ತೆಗೆಯಬೇಕು. ಒತ್ತಿದಲ್ಲಿ ಗುಳಿ ಉಳಿದರೆ ತುಂಬಿಕೊಂಡಿರುವುದು ನೀರು. ಅಂಥ ಕೂಸನ್ನು ಅಂದೇ ವೈದ್ಯರಿಗೆ ತೋರಿಸಬೇಕು.