ಗಂಡನನ್ನು ಹುಡುಕುತ್ತ ಹೋದರೆ ಅಪ್ಪ ಅಮ್ಮ ಸಿಕ್ಕರು

ಸಂಜೆಯಾಗಿದೆ. ಅಮ್ಮಂದಿರು ಬಾಗಿಲಿಗೆ ಬಂದು ಮಕ್ಕಳನ್ನು ಊಟಕ್ಕೆ ಕೂಗುತ್ತಾರೆ. ಮಕ್ಕಳೇನೋ ಬಂದರು, ಆದರೆ ಊಟವೆಲ್ಲಿ? ‘ಇದನ್ನು ಆ ಮನೆಗೆ ಕೊಟ್ಟು ಬಾ’ ಎಂದು ಒಂದು ಬಟ್ಟಲು ಹೊರಡುತ್ತದೆ. ಕೊಟ್ಟವನನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಅಲ್ಲಿಂದ ಇನ್ನೊಂದು ಬಟ್ಟಲು ಬರುತ್ತದೆ. ಅದರಲ್ಲಿ ಅರ್ಧ ಮೂರನೇ ಮನೆಗೆ, ಅಲ್ಲಿಂದ ಮತ್ತೇನೋ ನಾಲ್ಕನೆಯದಕ್ಕೆ. ಹೊಟ್ಟೆ ಹಸಿದ ಹುಡುಗರು ಗಲ್ಲಿಯಲ್ಲಿ ತಟ್ಟೆ ಹಿಡಿದು ಒಬ್ಬರಿಗೊಬ್ಬರು ಎದುರಾಗುತ್ತ ಓಡಾಡುವುದೇ ಓಡಾಡುವುದು! ಇದು ನಮ್ಮ ವಠಾರವೇ ಅಲ್ಲವೇ ಎಂದು ಕಣ್ಣುಜ್ಜಿಕೊಂಡು ನೋಡಿದರೆ, ಅಲ್ಲ, ದಕ್ಷಿಣ ಕೊರಿಯಾದ ಸೋಲ್ ನಗರದ ಉತ್ತರ ಭಾಗದ ಸಾಂಗ್‌ಮುನ್‌ಡಾಂಗ್ ಎಂಬ ಬಡಾವಣೆ. ಇಸವಿ 1988.

‘ರಿಪ್ಲೈ 1988’ ಎಂಬ ಈ ಧಾರಾವಾಹಿ 2015ರ ನವೆಂಬರ್‌ನಿಂದ 2016ರ ಜನವರಿವರೆಗೆ ಟಿವಿಎನ್ ಎಂಬ ಕೇಬಲ್ ವಾಹಿನಿಯಲ್ಲಿ ಬಂತು. ಇಪ್ಪತ್ತು ಕಂತು, ಒಂದೊಂದೂ ಸಿನಿಮಾದಷ್ಟು ಉದ್ದ. ಕೊನೆಯ ಕಂತಿಗೆ ಸಿಕ್ಕಿದ ಶೇ 18.8ರ ರೇಟಿಂಗ್ ಆವರೆಗೆ ಅಲ್ಲಿನ ಯಾವ ಕೇಬಲ್ ಧಾರಾವಾಹಿಗೂ ದಕ್ಕಿರಲಿಲ್ಲ. ನಿರ್ದೇಶಕ ಶಿನ್ ವಾನ್‌ಹೋ, ಬರೆದವರು ಲೀ ವೂಜಂಗ್. ಇಬ್ಬರೂ ಟೀವಿಯ ಹಾಸ್ಯ, ಹರಟೆಯ ಕಾರ್ಯಕ್ರಮಗಳಿಂದ ಬಂದವರು. ಅದು ಗೊತ್ತಾದ ಮೇಲೆಯೇ ನನಗೆ ಒಂದು ಗುಟ್ಟು ಹೊಳೆದಂತಾಯಿತು. ಯಾರಾದರೂ ಪೆದ್ದು ಮಾತಾಡಿದರೆ ಹಿನ್ನೆಲೆಯಲ್ಲಿ ಮೇಕೆ ‘ಮ್ಯಾ’ ಎನ್ನುತ್ತದೆ. ನಗುತ್ತ ನಗುತ್ತ ಮೈಮರೆತಿರುತ್ತೀರಿ, ಆ ಹೊತ್ತಿಗೇ ಸರಿಯಾಗಿ ಎದೆಗೆ ಬೀಳುತ್ತದೆ ಏಟು!

ಕಥಾನಾಯಕಿ ಡೊಕ್‌ಸನ್ ಮಧ್ಯದ ಮಗಳು. ಅಪ್ಪ ಬ್ಯಾಂಕಿನ ನೌಕರ, ಆದರೆ ಯಾರದೋ ಸಾಲಕ್ಕೆ ಜಾಮೀನು ನಿಂತು ಕೆಟ್ಟವನು. ಹಾಗಾಗಿ ಅರ್ಧ ನೆಲದೊಳಗೆ ಇಳಿದ ಬಾಡಿಗೆ ಮನೆಯಲ್ಲಿ ಸಂಸಾರ. ಒಂದು ರಾತ್ರಿ ಕಲ್ಲಿದ್ದಲ ಬಿಲ್ಲೆಯ ವಿಷಗಾಳಿ ಮನೆ ತುಂಬಿಕೊಂಡಾಗ ದೊಡ್ಡವರು ಅಕ್ಕನನ್ನೂ ತಮ್ಮನನ್ನೂ ಹೊರಗೆಳೆಯುತ್ತಾರೆ, ಇವಳನ್ನು ಮರೆತೇಬಿಡುತ್ತಾರೆ! ಅವಳೇ ತೆವಳಿಕೊಂಡು ಹೊರಬರಬೇಕು. ಅಕ್ಕ ಬೋರಾಳ ಹುಟ್ಟುಹಬ್ಬ ಸ್ವಲ್ಪ ಮುಂಚೆ ಬರುವುದರಿಂದ ಅವಳ ಕೇಕಿಗೇ ಮತ್ತೆ ಮೇಣದಬತ್ತಿ ಸಿಕ್ಕಿಸಿ ಇವಳದನ್ನೂ ಮುಗಿಸುವುದು ಮನೆಯ ಪದ್ಧತಿ. ವರ್ಷವರ್ಷ ನುಂಗಿಕೊಂಡದ್ದು ಒಂದು ದಿನ ಒಡೆದು ಹೊರಬರುತ್ತದೆ. ಆಮೇಲೆ ಗಲ್ಲಿಯಲ್ಲಿ ಅಪ್ಪ ಒಂದು ಪುಟ್ಟ ಕೇಕು ಹಿಡಿದು ನಿಂತು ಮಗಳ ಕ್ಷಮೆ ಕೇಳುತ್ತಾನೆ. ನಾನೇನು ಹುಟ್ಟುತ್ತಲೇ ಅಪ್ಪನಾಗಿದ್ದೆನೇ, ಅಪ್ಪನಾಗಿರುವುದು ನನಗೂ ಇದೇ ಮೊದಲು ಎಂಬ ಅರ್ಥದ ಮಾತಾಡುತ್ತಾನೆ. ಮೊದಲ ಕಂತಿನಲ್ಲೇ ಇದು! ಇನ್ನೂ ಹತ್ತೊಂಬತ್ತು ಬಾಕಿ!

ಎರಡನೆಯದಕ್ಕೆ ಬನ್ನಿ. ಅಜ್ಜಿ ತೀರಿಕೊಂಡಿದ್ದಾಳೆ. ಅಳುತ್ತ ಊರಿಗೆ ಹೋದ ಮಕ್ಕಳು ನೋಡಿದರೆ ಸಾವಿನ ಮನೆಯಲ್ಲಿ ಅಪ್ಪ, ಅತ್ತೆಯರು ಬಂದವರೊಡನೆ ನಗುತ್ತಿದ್ದಾರೆ, ಕುಡಿಯುತ್ತಿದ್ದಾರೆ. ಇವರಿಗೇನು ಕರುಳಿಲ್ಲವೇ? ರಾತ್ರಿ ಎಲ್ಲರೂ ಹೋದ ಮೇಲೆ ಅಮೆರಿಕದಿಂದ ದೊಡ್ಡಪ್ಪ ಬರುತ್ತಾನೆ. ಅವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ದೊಡ್ಡವರೆಲ್ಲ ಒಬ್ಬರನ್ನೊಬ್ಬರು ತಬ್ಬಿ ಸಣ್ಣ ಮಕ್ಕಳ ಹಾಗೆ ಬೋರಿಟ್ಟು ಅಳುತ್ತಾರೆ. ಡೊಕ್‌ಸನ್ ನೋಡುತ್ತ ನಿಲ್ಲುತ್ತಾಳೆ. ಹರೆಯದ ಕಥೆ ಎಂದರೆ ಮೊದಲ ಪ್ರೀತಿ, ಮೊದಲ ಮುತ್ತು ಎಂದುಕೊಂಡಿದ್ದೆ. ಇಲ್ಲಿ ಹುಡುಗರು ದೊಡ್ಡವರಾಗುವುದು ಅಪ್ಪ ಅಮ್ಮನೂ ಯಾರದೋ ಮಕ್ಕಳು ಎಂದು ತಿಳಿದ ಗಳಿಗೆಯಲ್ಲಿ! ಅಲ್ಲಿಂದ ಮುಂದೆ ಎಲ್ಲಿ ನೋಡಿದರೂ ನನಗೆ ಅದೇ ಕಾಣತೊಡಗಿತು. ಗತ್ತಿನ ಹೆಂಗಸು ಮಿ-ರಾನ್ ತನಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಮಗನ ಮುಂದೆ ಒಪ್ಪಿಕೊಳ್ಳುತ್ತಾಳೆ. ಚಳವಳಿಗೆ ಇಳಿದ ಬೋರಾಳನ್ನು ಪೊಲೀಸರು ಹಿಡಿದಾಗ ಅಮ್ಮ ಮಳೆಯಲ್ಲಿ ಅಂಗಲಾಚುತ್ತಾಳೆ. ಯಾವುದಕ್ಕೂ ಬಗ್ಗದ ಹುಡುಗಿ ಅಮ್ಮನ ಕಾಲ್ಬೆರಳಿನ ರಕ್ತ ಕಂಡು ಸೋಲುತ್ತಾಳೆ. ವಿಧವೆ ಸನ್‌ಯಂಗ್ ತವರಿನ ತಾಯಿ ಬರುತ್ತಾಳೆಂದು ನೆರೆಹೊರೆಯಿಂದ ಸಾಮಾನು ಕಡ ತಂದು ಮನೆ ತುಂಬಿಸಿ ತೋರಿಸಿದರೆ, ಆ ಮುದುಕಿ ಎಲ್ಲ ಅರ್ಥ ಮಾಡಿಕೊಂಡು ಬಾಯಿಬಿಡದೆ ದುಡ್ಡು ಇಟ್ಟು ಹೋಗಿರುತ್ತಾಳೆ. ಫೋನಿನಲ್ಲಿ ತಾಯಿಯ ದನಿ ಕೇಳಿ ಆಕೆ ಅಳುವಾಗ ನೀವು ಅಳದಿದ್ದರೆ ನೀವು ಕಲ್ಲೇ ಸರಿ. (ಈ ಅಪ್ಪ ಅಮ್ಮಂದಿರ ಪಾತ್ರಗಳಿಗೆ ನಟರ ಸ್ವಂತ ಹೆಸರುಗಳನ್ನೇ ಇಟ್ಟಿದ್ದಾರೆ! ಸಂಗ್ ಡಾಂಗ್-ಇಲ್ ಆಡುವುದು ಸಂಗ್ ಡಾಂಗ್-ಇಲ್‌ನನ್ನೇ.)

ಇತಿಹಾಸವೂ ಈ ಗಲ್ಲಿಗೆ ಬರುತ್ತದೆ, ಆದರೆ ತಲೆ ಬಗ್ಗಿಸಿ ಬರುತ್ತದೆ. ಸೋಲ್ ಒಲಿಂಪಿಕ್ಸಿನಲ್ಲಿ ಡೊಕ್‌ಸನ್‌ಗೆ ಮಡಗಾಸ್ಕರ್ ತಂಡದ ಫಲಕ ಹಿಡಿಯುವ ಭಾಗ್ಯ ಸಿಗುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ಮೇಲೆ ಆ ದೇಶ ಬರುವುದೇ ಇಲ್ಲ! ನಿಜಕ್ಕೂ ಆ ಕ್ರೀಡಾಕೂಟಕ್ಕೆ ಮಡಗಾಸ್ಕರ್ ಬರಲಿಲ್ಲ. ಕೊನೆಗೆ ಉಗಾಂಡದ ಫಲಕ ಹಿಡಿದು ನಡೆಯುತ್ತಾಳೆ ನಮ್ಮ ಹುಡುಗಿ. ಇನ್ನೊಂದು ಕೇಳಿ. ಸನ್‌ಯಂಗ್‌ಳ ಮಗ ಸನ್‌ವೂ, ಬೋರಾ ಪರಸ್ಪರ ಮೆಚ್ಚುತ್ತಾರೆ, ಆದರೆ ಇಬ್ಬರದೂ ಒಂದೇ ಕುಲನಾಮ, ಒಂದೇ ಮೂಲ. ಅಲ್ಲೂ ಸಗೋತ್ರದ ತಕರಾರು! ಕೊರಿಯಾದ ಕಾನೂನೇ ಅಂಥ ಮದುವೆಗೆ ಅಡ್ಡ ನಿಂತಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ಸಲ್ಲದೆಂದು ಹೇಳಿದ್ದು 1997ರಲ್ಲಿ.

ಇಷ್ಟೆಲ್ಲ ಇದ್ದೂ ಕೊರಿಯಾ ಇಡೀ ದೇಶವೇ ಆಗ ತಲೆಕೆಡಿಸಿಕೊಂಡದ್ದು ಮುಂದೆ ಡೊಕ್‌ಸನ್‌ಳ ಗಂಡನಾಗುವವನು ಯಾರೆಂಬ ಒಗಟಿಗೆ. ಸಿಡುಕುಮೋರೆಯ ಜಂಗ್‌ಹ್ವಾನೋ, ಬಾದುಕ್ ಎಂಬ ಹಲಗೆಯಾಟದ ಮೇಧಾವಿ, ಶೂ ಲೇಸೂ ನೆಟ್ಟಗೆ ಕಟ್ಟಲಾಗದ ಟೆಕ್ಕೋ? ಉತ್ತರ ಹೇಳದೆ ಬರೆಯಲಾರೆ, ಮುನಿಸಿಕೊಳ್ಳಬೇಡಿ. ಒಂದು ಸಂಜೆ ಡೊಕ್‌ಸನ್ ಇರುವಲ್ಲಿಗೆ ಜಂಗ್‌ಹ್ವಾನ್ ಕಾರಿನಲ್ಲಿ ಧಾವಿಸುತ್ತಾನೆ. ದಾರಿಯುದ್ದಕ್ಕೂ ಕೆಂಪು ದೀಪ. ಅವನು ಮುಟ್ಟುವಷ್ಟರಲ್ಲಿ ಪಂದ್ಯವನ್ನೇ ಬಿಟ್ಟುಬಂದ ಟೆಕ್ ಅಲ್ಲಿ ನಿಂತಿದ್ದಾನೆ. ತಡೆದದ್ದು ದೀಪಗಳಲ್ಲ, ತಾನು ಹಿಂದೇಟು ಹಾಕಿದ ಅಷ್ಟೂ ಗಳಿಗೆಗಳು ಎಂದು ಅವನಿಗೆ ಹೊಳೆಯುತ್ತದೆ. ಆಮೇಲೆ ಒಂದು ದಿನ ಗೆಳೆಯರ ಎದುರೇ ಡೊಕ್‌ಸನ್‌ಗೆ ಉಂಗುರ ಕೊಟ್ಟು, ಮನಸ್ಸಿನಲ್ಲಿದ್ದದ್ದೆಲ್ಲವನ್ನೂ ಹೇಳಿ, ಮರುಕ್ಷಣ ತಮಾಷೆ ಮಾಡಿದೆ ಎಂದು ನಕ್ಕುಬಿಡುತ್ತಾನಲ್ಲ!

ನನ್ನ ತಕರಾರು ಇಲ್ಲೇ. ಇಂಥ ದೃಶ್ಯ ಬರೆದವರು ಅದರ ನಂತರದ ಕಂತುಗಳಲ್ಲಿ ಆ ಹುಡುಗನನ್ನು ಮೂಲೆಗೆ ಸರಿಸಿದ್ದಾರೆ. ಅವನಿಗೊಂದು ಮುಕ್ತಾಯವನ್ನೂ ಕೊಟ್ಟಿಲ್ಲ. ಪೈಲಟ್ ಆದ, ಸರಿ, ಆಮೇಲೆ? ಟೆಕ್‌ನ ಪಕ್ಷದವರು ಏನೇ ವಾದಿಸಲಿ, ಗೆದ್ದವನಿಗೆ ಹುಡುಗಿ ಸಿಕ್ಕಿದ್ದಾಳೆ, ಸೋತವನಿಗೆ ಒಂದು ಕಂತಾದರೂ ಸಲ್ಲಬೇಕಿತ್ತು!